ಕೇಳುವ ನಾಲಿಗೆ, ಕೇಳುವ ಕಿವಿ

(ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಎಂಬ ಮಾತಿಗೆ ನಮ್ಮ ನೆಲದಲ್ಲಿ ಬಹಳ ಹಳೆಯ ನೆನಪಿದೆ. ಶಾಸನಗಳನ್ನು ಓದಿದವರಿಗೆ ಗೊತ್ತು: ಕೆರೆಗೆ ದತ್ತಿ, ಅರವಟಿಗೆಗೆ ದತ್ತಿ, ಛತ್ರಕ್ಕೆ ದತ್ತಿ. ಗುರುತು ಪರಿಚಯವಿಲ್ಲದ ದಾರಿಹೋಕನಿಗೆ ಒಳ್ಳೆಯ ನೀರು ಸಿಗಲಿ ಎಂದು ಹೊಲ ಬಿಟ್ಟುಕೊಟ್ಟವರ ನಾಡು ಇದು. ಅಂಥ ಹೆಸರು ಹೊತ್ತ ಈ ವೇದಿಕೆಯಲ್ಲಿ ನೀರಿನಿಂದಲೂ ರಕ್ತದಿಂದಲೂ ಹರಡುವ ಒಂದು ಕಾಯಿಲೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ನಾವು ಕಾಮಾಲೆ ಎನ್ನುತ್ತೇವೆ, ಅರಿಶಿನ ಕಾಮಾಲೆ ಎನ್ನುತ್ತೇವೆ, ಜಾಂಡೀಸ್ ಎನ್ನುತ್ತೇವೆ. ಅದರ ಹಿಂದಿರುವ ವೈರಸ್‌ಗಳಿಂದ ಯಕೃತ್ತಿಗೆ ಬರುವ ಉರಿಯೂತಕ್ಕೆ ವೈದ್ಯರು ಇಟ್ಟ ಹೆಸರು ಹೆಪಟೈಟಿಸ್.

2016ರಲ್ಲಿ ವಿಶ್ವ ಆರೋಗ್ಯ ಸಭೆ ಒಂದು ಗುರಿ ಇಟ್ಟುಕೊಂಡಿತು. 2030ರ ಹೊತ್ತಿಗೆ ಈ ಕಾಯಿಲೆಯ ಹೊಸ ಸೋಂಕು ಶೇ 90ರಷ್ಟು, ಸಾವು ಶೇ 65ರಷ್ಟು ಇಳಿಯಬೇಕು. ಇದಕ್ಕೆ ಬೇಕಾದ ಲಸಿಕೆ, ಪರೀಕ್ಷೆ, ಮಾತ್ರೆ ಎಲ್ಲವೂ ನಮ್ಮ ಕೈಯಲ್ಲಿವೆ. ಹಾಗಿದ್ದೂ ಕೆಲಸ ಕುಂಟುತ್ತಿದೆ. ಏಕೆ ಎಂದು ವಿಚಾರಿಸಿದರೆ ಸಭೆ ಸಮಾರಂಭಗಳಲ್ಲಿ ಸಿಗುವ ಉತ್ತರ ಒಂದೇ: ಜನರ ನಡವಳಿಕೆ ಬದಲಾಗಬೇಕು. ಈ ಮಾತನ್ನು ನಾನೂ ನೂರು ಸಲ ಆಡಿದ್ದೇನೆ. ಇಂದು ಅದನ್ನು ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ. ಬದಲಾಗಬೇಕಾದದ್ದು ಯಾವ ನಡವಳಿಕೆ, ಮತ್ತು ಯಾರದು?

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. 1980ರ ದಶಕದ ಕೊನೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಆಸ್ಪತ್ರೆ. ಸಂತೆಯ ದಿನವಾದ್ದರಿಂದ ಹೊರರೋಗಿಗಳ ಸಾಲು ಗೇಟಿನವರೆಗೆ ಇತ್ತು. ಸ್ಟವ್ ಮೇಲೆ ನೀರಿನ ಪೆಟ್ಟಿಗೆ, ಅದರೊಳಗೆ ಕುದಿಯುವ ಗಾಜಿನ ಸಿರಿಂಜುಗಳು. ಆಗ ಒಬ್ಬರಿಂದ ಇನ್ನೊಬ್ಬರಿಗೆ ಸೂಜಿ ಮಾತ್ರ ಬದಲಾಯಿಸಿದರೆ ಸಾಕೆಂಬ ತಿಳಿವಳಿಕೆ ನಮ್ಮಲ್ಲಿ ಅನೇಕರಿಗಿತ್ತು. ಒಬ್ಬ ತಾಯಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದವಳು ನನ್ನ ಕೈ ನೋಡಿ ಕೇಳಿದಳು: ‘ಡಾಕ್ಟ್ರೇ, ಇದು ಇನ್ನೊಬ್ಬರಿಗೆ ಹಾಕಿದ್ದಲ್ವಾ?’ ನನಗೆ ಸಿಟ್ಟು ಬಂತು. ‘ಡಾಕ್ಟರು ನೀನೋ ನಾನೋ?’ ಎಂದೆ. ಆಕೆ ತಲೆ ತಗ್ಗಿಸಿ ಮಗುವಿನ ತೋಳು ಮುಂದೆ ಹಿಡಿದಳು. ಸೂಜಿ ಬೇರೆಯದೇ ಆಗಿತ್ತು. ಸಿರಿಂಜು ಅದೇ ಆಗಿತ್ತು. ಚುಚ್ಚಿದಾಗ ಕಣ್ಣಿಗೆ ಕಾಣದಷ್ಟು ರಕ್ತ ಹಿಂದಕ್ಕೆ ಸರಿದು ಸಿರಿಂಜಿನೊಳಗೆ ಉಳಿಯುತ್ತದೆ, ಒಂದು ವೈರಸ್‌ಗೆ ಅಷ್ಟು ಸಾಕು. ಆ ತಾಯಿ ಕೇಳಿದ್ದು ಸರಿಯಾದ ಪ್ರಶ್ನೆ. ತಪ್ಪು ಉತ್ತರ ನನ್ನದು. ಆ ಮಗುವಿಗೆ ಏನೂ ಆಗದಿರಲಿ ಎಂದು ಇಂದಿಗೂ ಹಾರೈಸುತ್ತೇನೆ.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಎರಡು ಅರ್ಥ. ಪ್ರಶ್ನಿಸುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಜನ ನಾಲಿಗೆಯಿಂದ ಕೇಳಬೇಕು, ವ್ಯವಸ್ಥೆ ಕಿವಿಯಿಂದ ಕೇಳಬೇಕು. ಹೆಪಟೈಟಿಸ್ ಹೋಗಬೇಕಾದರೆ ನಾವು ರೂಢಿಸಿಕೊಳ್ಳಬೇಕಾದ ನಡವಳಿಕೆ ಇದೇ ಎಂಬುದು ನನ್ನ ಇಂದಿನ ಮಾತಿನ ಸಾರ.

ಹಳದಿ ಕಾಣದ ಕಾಮಾಲೆ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ನಮ್ಮಲ್ಲಿದೆ. ನಮ್ಮ ತೊಂದರೆ ಇದಕ್ಕೆ ತಿರುವುಮುರುವು. ಹಳದಿ ಕಾಣದಿದ್ದರೆ ಕಾಮಾಲೆಯೇ ಇಲ್ಲವೆಂದು ನಾವು ನಂಬಿದ್ದೇವೆ. ಕಣ್ಣಿನ ರೆಪ್ಪೆ ಎಳೆದು ನೋಡುತ್ತೇವೆ, ಉಗುರು ನೋಡುತ್ತೇವೆ, ಮೂತ್ರದ ಬಣ್ಣ ವಿಚಾರಿಸುತ್ತೇವೆ. ಬಣ್ಣ ಇಳಿದರೆ ಕಾಯಿಲೆ ಹೋಯಿತೆಂದು ದೇವರಿಗೆ ತುಪ್ಪದ ದೀಪ ಹಚ್ಚುತ್ತೇವೆ.

ಕಾಮಾಲೆ ಒಂದು ಲಕ್ಷಣ. ಅದನ್ನು ತರುವ ವೈರಸ್‌ಗಳು ಮುಖ್ಯವಾಗಿ ಐದು: ಎ, ಬಿ, ಸಿ, ಡಿ, ಇ. ಎ ಮತ್ತು ಇ ಬಾಯಿಯ ದಾರಿಯಲ್ಲಿ, ಮಲ ಸೇರಿದ ನೀರು ಮತ್ತು ಆಹಾರದಿಂದ ಬರುತ್ತವೆ. ಸಾಮಾನ್ಯವಾಗಿ ಕೆಲವು ವಾರ ಕಾಡಿ ತಾವಾಗಿಯೇ ಹೋಗುತ್ತವೆ. ಆದರೆ ದಿನ ತುಂಬುತ್ತಿರುವ ಗರ್ಭಿಣಿಗೆ ಇ ಬಂದರೆ ಅದು ಜೀವ ತೆಗೆಯಬಲ್ಲ ಕಾಯಿಲೆ. ಬಿ ಮತ್ತು ಸಿ ರಕ್ತದ ದಾರಿ ಹಿಡಿದವು. ಬಿ ತಾಯಿಯಿಂದ ಮಗುವಿಗೂ, ಲೈಂಗಿಕ ಸಂಪರ್ಕದಿಂದಲೂ ದಾಟುತ್ತದೆ. ಡಿ ಒಂಟಿಯಾಗಿ ಬದುಕಲಾರದು, ಬಿ ಇದ್ದವರಲ್ಲಿ ಮಾತ್ರ ಸೇರಿಕೊಳ್ಳುತ್ತದೆ.

ಬಿ ಮತ್ತು ಸಿ ಅನೇಕರಲ್ಲಿ ಕಣ್ಣು ಹಳದಿ ಮಾಡುವುದೇ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಯಕೃತ್ತನ್ನು ಗಟ್ಟಿ ಮಾಡುತ್ತ ಹೋಗುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿದಾಗಲೋ ರಕ್ತ ವಾಂತಿಯಾದಾಗಲೋ ಮನೆಯವರಿಗೆ ಗೊತ್ತಾಗುತ್ತದೆ. ‘ಕುಡಿಯದ ಮನುಷ್ಯನಿಗೆ ಲಿವರ್ ಹೇಗೆ ಹೋಯಿತು?’ ಎಂದು ಊರು ಅಚ್ಚರಿಪಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಲೆಕ್ಕದಂತೆ, 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನರಲ್ಲಿ ಬಿ, 5 ಕೋಟಿ ಜನರಲ್ಲಿ ಸಿ ಇತ್ತು. ಆ ಒಂದು ವರ್ಷದಲ್ಲಿ ಸತ್ತವರು 13 ಲಕ್ಷ, ದಿನಕ್ಕೆ ಸುಮಾರು 3,500. ಭಾರತದಲ್ಲಿ ಬಿ ಇದ್ದವರು 2.98 ಕೋಟಿ, ಸಿ ಇದ್ದವರು 55 ಲಕ್ಷ.

ಈ ಅಂಕಿಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಅದೇ ವರದಿಯ ಇನ್ನೊಂದು ಸಾಲು. ಜಗತ್ತಿನಲ್ಲಿ ಬಿ ಇದ್ದವರ ಪೈಕಿ ಅದು ಪತ್ತೆಯಾಗಿದ್ದವರು ಶೇ 13 ಮಾತ್ರ, ಚಿಕಿತ್ಸೆ ಪಡೆಯುತ್ತಿದ್ದವರು ಸುಮಾರು ಶೇ 3. ಉಳಿದವರು ತಮ್ಮ ಪಾಡಿಗೆ ಹೊಲ ಉಳುತ್ತ, ಬಸ್ ಓಡಿಸುತ್ತ, ಮಕ್ಕಳಿಗೆ ಪಾಠ ಹೇಳುತ್ತ ಇದ್ದಾರೆ. ಅವರು ಯಾರಾದರೂ ಆಗಿರಬಹುದು. ನಾನಿರಬಹುದು, ನೀವಿರಬಹುದು.

ಹೇಳಿದಂತೆ ಕೇಳಿದವರು

ಜನ ತಪ್ಪು ಮಾಡುತ್ತಾರೆ, ಅದಕ್ಕೇ ಕಾಯಿಲೆ ಬರುತ್ತದೆ ಎಂಬ ನಂಬಿಕೆ ವೈದ್ಯರಲ್ಲಿ ಆಳವಾಗಿದೆ. ಹೆಪಟೈಟಿಸ್‌ನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಮೂರು ಪ್ರಸಂಗ ನೋಡಿ.

ಮೊದಲನೆಯದು ದೆಹಲಿ. 1955ರ ಮಳೆಗಾಲದಲ್ಲಿ ಯಮುನೆ ಉಕ್ಕಿ, ಇಳಿಯುವಾಗ ತನ್ನ ಪಾತ್ರ ಬದಲಿಸಿಕೊಂಡಳು. ನಜಫ್‌ಗಢ ನಾಲೆಯ ಕೊಳಚೆ ಹಿಂದಕ್ಕೆ ತಿರುಗಿ ವಜೀರಾಬಾದಿನ ನೀರೆತ್ತುವ ಸ್ಥಾವರದ ಬಾಯಿಗೆ ಬಂತು. ಎಂಜಿನಿಯರುಗಳು ಕ್ಲೋರಿನ್ ಹೆಚ್ಚಿಸಿದರು. ಬ್ಯಾಕ್ಟೀರಿಯಾ ಸತ್ತವು, ಟೈಫಾಯ್ಡ್ ಏರಲಿಲ್ಲ. ವೈರಸ್ ಮಾತ್ರ ದಾಟಿಕೊಂಡು ಬಂತು. 1955ರ ಡಿಸೆಂಬರ್ ಮತ್ತು 1956ರ ಜನವರಿಯಲ್ಲಿ 29 ಸಾವಿರಕ್ಕೂ ಹೆಚ್ಚು ಜನರ ಕಣ್ಣು ಹಳದಿಯಾಯಿತು. ಕಾದಿಟ್ಟಿದ್ದ ಆಗಿನ ರಕ್ತದ ಮಾದರಿಗಳನ್ನು 1980ರ ಸುಮಾರಿಗೆ ಮತ್ತೆ ಪರೀಕ್ಷಿಸಿದಾಗ ಅದು ಎ ವೈರಸ್ ಅಲ್ಲವೆಂದು ಖಚಿತವಾಯಿತು. ಇಂದು ಅದನ್ನು ಇ ಎಂದು ಗುರುತಿಸುತ್ತೇವೆ. ಆ 29 ಸಾವಿರ ಜನ ಮಾಡಿದ ತಪ್ಪೇನು? ನಗರಸಭೆಯ ನಲ್ಲಿಯ ನೀರು ಕುಡಿದರು. ಕೆರೆ ಬಾವಿ ಬಿಟ್ಟು ನಲ್ಲಿ ನೀರು ಕುಡಿಯಿರಿ ಎಂದು ಹೇಳಿದವರು ನಾವೇ.

ಎರಡನೆಯದು ಈಜಿಪ್ಟ್. ನೈಲ್ ನದಿಯ ಕಾಲುವೆಗಳ ಬಸವನಹುಳುಗಳಿಂದ ಹರಡುವ ಬಿಲ್‌ಹಾರ್ಜಿಯಾ ಎಂಬ ಹುಳುಬಾಧೆ ಅಲ್ಲಿನ ರೈತರನ್ನು ತಲೆಮಾರುಗಳಿಂದ ಹಿಂಡುತ್ತಿತ್ತು. 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಸರ್ಕಾರ ಊರೂರಿಗೆ ಹೋಗಿ ಆಂಟಿಮನಿ ಬೆರೆತ ಔಷಧವನ್ನು ರಕ್ತನಾಳಕ್ಕೆ ಚುಚ್ಚಿತು. ಒಬ್ಬೊಬ್ಬರಿಗೂ ಹಲವು ಸಲ. ಸಿರಿಂಜು ಗಾಜಿನದು, ಸಾಲು ಉದ್ದ, ಕುದಿಸಲು ಪುರುಸೊತ್ತಿಲ್ಲ. ಹುಳುಬಾಧೆ ಇಳಿಯಿತು. ಆದರೆ ಆ ಸೂಜಿಗಳ ಜೊತೆ ಸಿ ವೈರಸ್ ದೇಶದ ರಕ್ತಕ್ಕೆ ಇಳಿಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಸಿ ಇರುವ ನಾಡೆಂಬ ಹೆಸರು ಈಜಿಪ್ಟಿಗೆ ಬಂತು. ಮೋಸ ಮಾಡಬೇಕೆಂಬ ಮನಸ್ಸು ಅಲ್ಲಿ ಯಾರಿಗೂ ಇರಲಿಲ್ಲ. ಸಿ ವೈರಸ್ ಇದೆಯೆಂದು ತಿಳಿದದ್ದೇ 1989ರಲ್ಲಿ. ಆದರೂ ಒಂದು ಮಾತು ಉಳಿಯುತ್ತದೆ: ಕಾಯಿಲೆ ತಗುಲಿದ್ದು ಹೇಳಿದಂತೆ ಕೇಳಿ ಸಾಲಿನಲ್ಲಿ ನಿಂತವರಿಗೆ.

ಮೂರನೆಯದು ನಮ್ಮ ಕಾಲದ್ದು. 2009ರ ಆರಂಭದಲ್ಲಿ ಗುಜರಾತಿನ ಮೊಡಾಸಾದಲ್ಲಿ ನೂರಾರು ಜನರಿಗೆ ಹೆಪಟೈಟಿಸ್ ಬಿ ಬಂದು ಹತ್ತಾರು ಜೀವ ಹೋಯಿತು. ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದು ಕಾರಣವೆಂದು ತನಿಖೆ ಕಂಡುಕೊಂಡಿತು. ಆ ಜನ ಮಾಡಿದ್ದು ಇಷ್ಟೇ, ಮೈ ಹುಷಾರಿಲ್ಲವೆಂದು ಡಾಕ್ಟರ ಬಳಿ ಹೋದರು.

ಮೂರೂ ಕಡೆ ಜನ ನಡೆದುಕೊಂಡದ್ದು ನಾವು ಬೋಧಿಸಿದ ಹಾಗೆಯೇ. ಎಡವಿದ್ದು ನೀರು ಕೊಟ್ಟ ಕೈ, ಸೂಜಿ ಹಿಡಿದ ಕೈ. ಹಾಗಾಗಿ ನಡವಳಿಕೆಯ ಪಾಠ ಮೊದಲು ನಮ್ಮಿಂದ, ಅಂದರೆ ವೈದ್ಯರು, ನರ್ಸ್‌ಗಳು, ಲ್ಯಾಬಿನವರು, ನೀರು ಸರಬರಾಜಿನವರಿಂದ ಶುರುವಾಗಬೇಕು. ಜನರಿಗೆ ಹೇಳುವುದೂ ಇದೆ. ಆದರೆ ಅದು ಇನ್ನಷ್ಟು ವಿಧೇಯತೆಯ ಪಾಠವಾಗಬಾರದು. ಆ ಸಾಲುಗಳಲ್ಲಿ ಒಬ್ಬರಾದರೂ ‘ಇದು ಹೊಸದೇ?’ ಎಂದು ಕೇಳಿ, ಆ ಪ್ರಶ್ನೆಗೆ ಬೆಲೆ ಸಿಕ್ಕಿದ್ದರೆ ಎಷ್ಟೋ ಯಕೃತ್ತುಗಳು ಉಳಿಯುತ್ತಿದ್ದವು.

ನಮ್ಮ ಜನ ಕೇಳುವುದೇ ಇಲ್ಲವೆಂದಲ್ಲ. ‘ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ, ಮಾತ್ರೆಗೆ ಜ್ವರ ಬಗ್ಗಲ್ಲ’ ಎಂದು ಧೈರ್ಯವಾಗಿ ಕೇಳುತ್ತಾರೆ. ನಾವೂ ಬೇಡವೆನ್ನಲಾರದೆ, ಎಷ್ಟೋ ಸಲ ಫೀಸಿನ ಆಸೆಗೆ, ಚುಚ್ಚಿದ್ದೇವೆ. 2000ದ ದಶಕದ ಆರಂಭದಲ್ಲಿ ನಡೆದ ದೇಶವ್ಯಾಪಿ ಅಧ್ಯಯನವೊಂದು ಭಾರತದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಇಂಜೆಕ್ಷನ್ ಕೊಡಲಾಗುತ್ತಿದೆ, ಅದರಲ್ಲಿ ಶೇ 60ಕ್ಕೂ ಹೆಚ್ಚು ಒಂದಲ್ಲ ಒಂದು ರೀತಿಯಲ್ಲಿ ಅಸುರಕ್ಷಿತ ಎಂದು ಲೆಕ್ಕ ಹಾಕಿತು. ಆಮೇಲೆ ಲಸಿಕೆ ಕಾರ್ಯಕ್ರಮಕ್ಕೆ ಒಮ್ಮೆ ಒತ್ತಿದರೆ ತಾನೇ ಲಾಕ್ ಆಗುವ ಸಿರಿಂಜುಗಳು ಬಂದವು, ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೂ ಸೂಜಿ ಬೇಡುವ ಆ ನಾಲಿಗೆಯನ್ನೇ ತುಸು ತಿರುಗಿಸಬೇಕಿದೆ. ‘ಸೂಜಿ ಹಾಕಿ’ ಎನ್ನುವ ಬದಲು ‘ಸೂಜಿ ಬೇಕೇಬೇಕಾ? ಮಾತ್ರೆಯಲ್ಲಿ ಆಗಲ್ವಾ? ಬೇಕಾದರೆ ಪ್ಯಾಕೆಟ್ ನನ್ನೆದುರು ಒಡೀತೀರಾ?’ ಎನ್ನಬೇಕು.

ಎಲ್ಲರನ್ನೂ ಕೇಳಿದ ದೇಶ

ಈಜಿಪ್ಟಿನ ಕತೆಗೆ ಒಂದು ಉತ್ತರಾರ್ಧವಿದೆ. ಕಾಯಿಲೆಯನ್ನು ಹರಡಿದ ಸರ್ಕಾರಿ ವ್ಯವಸ್ಥೆಯೇ ಅದನ್ನು ಹಿಂದಕ್ಕೆ ತಳ್ಳಿದ ಕತೆ ಅದು. ಸಿ ವೈರಸ್‌ಗೆ 2013ರ ಕೊನೆಗೆ ಬಂದ ಸೊಫೊಸ್ಬುವಿರ್ ಮಾತ್ರೆ ಅಮೆರಿಕದಲ್ಲಿ ಒಂದಕ್ಕೆ ಸಾವಿರ ಡಾಲರ್. ಹನ್ನೆರಡು ವಾರದ ಚಿಕಿತ್ಸೆಗೆ 84 ಸಾವಿರ ಡಾಲರ್. ಈಜಿಪ್ಟ್ ಚೌಕಾಸಿ ಮಾಡಿ 900 ಡಾಲರಿಗೆ ಇಳಿಸಿತು. ಬಳಿಕ ದೇಶದೊಳಗೇ ತಯಾರಿಸಿ ಇನ್ನೂ ಬಹಳ ಅಗ್ಗ ಮಾಡಿತು. ಆದರೆ ಮಾತ್ರೆ ಅಗ್ಗವಾದಷ್ಟಕ್ಕೆ ಸಾಲದಾಯಿತು. ಚಿಕಿತ್ಸಾ ಕೇಂದ್ರಗಳು ತೆರೆದಿದ್ದರೂ ರೋಗಿಗಳು ಬರುವುದು ಕಡಿಮೆಯಾಯಿತು, ಏಕೆಂದರೆ ತಮಗೆ ಕಾಯಿಲೆ ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ.

ಆಗ, 2018ರ ಅಕ್ಟೋಬರಿನಲ್ಲಿ, ಹತ್ತು ಕೋಟಿ ಆರೋಗ್ಯವಂತ ಬದುಕುಗಳು ಎಂಬ ಅರ್ಥದ ಹೆಸರಿಟ್ಟು ಒಂದು ಅಭಿಯಾನ ಶುರುವಾಯಿತು. ಏಳು ತಿಂಗಳಲ್ಲಿ ಸುಮಾರು 5 ಕೋಟಿ ವಯಸ್ಕರ ಪರೀಕ್ಷೆ ನಡೆಯಿತು. ಆಸ್ಪತ್ರೆಗಳಲ್ಲಿ ಮಾತ್ರ ಅಲ್ಲ, ಮಸೀದಿ, ಚರ್ಚು, ರೈಲು ನಿಲ್ದಾಣಗಳ ಮುಂದೆ ಸಂಚಾರಿ ಘಟಕಗಳು ನಿಂತವು. ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ನೀವು ಗಮನಿಸಬೇಕು. ಬೆರಳು ಚುಚ್ಚಿ ಸಿ ವೈರಸ್ ನೋಡುವ ಹೊತ್ತಿನಲ್ಲೇ ರಕ್ತದೊತ್ತಡ, ಸಕ್ಕರೆ, ತೂಕವನ್ನೂ ನೋಡಿದರು. ಸಾಲಿನಲ್ಲಿ ನಿಂತವನ ಬಗ್ಗೆ ಪಕ್ಕದವನು ಏನನ್ನೂ ಊಹಿಸುವಂತಿರಲಿಲ್ಲ. ಬಿಪಿ ನೋಡಿಸಲು ಬಂದವನೂ ಅಲ್ಲೇ, ಶುಗರ್ ನೋಡಿಸಲು ಬಂದವನೂ ಅಲ್ಲೇ. ಸೋಂಕು ಸಿಕ್ಕವರಿಗೆ ಚಿಕಿತ್ಸೆ ಪುಕ್ಕಟೆ. 2023ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆಪಟೈಟಿಸ್ ಸಿ ನಿರ್ಮೂಲನೆಯ ಹಾದಿಯಲ್ಲಿ ಈಜಿಪ್ಟಿಗೆ ಚಿನ್ನದ ದರ್ಜೆ ಕೊಟ್ಟಿತು. ಆ ದರ್ಜೆಗೆ ಏರಿದ ಮೊದಲ ದೇಶ ಅದು.

‘ನಿನಗೆ ಮಾತ್ರ ಪರೀಕ್ಷೆ’ ಎಂದರೆ ಅದು ಅನುಮಾನ. ‘ಎಲ್ಲರಿಗೂ ಪರೀಕ್ಷೆ’ ಎಂದರೆ ಅದು ಜಾತ್ರೆ. ನಾಚಿಕೆಯನ್ನು ಕಳೆಯುವುದಕ್ಕೆ ನೂರು ಭಾಷಣಕ್ಕಿಂತ ಒಂದು ಉದ್ದನೆಯ ಸಾಲು ಮೇಲು ಎಂಬುದನ್ನು ನಾನು ಕಲಿತದ್ದು ಈಜಿಪ್ಟಿನಿಂದ. ನಮ್ಮಲ್ಲಿಯೂ 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಗಿದೆ. ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ ಉಚಿತ, ಔಷಧ ಉಚಿತ. ಸಿ ಬಹುತೇಕ ಎಲ್ಲರಲ್ಲೂ ಮೂರು ತಿಂಗಳ ಮಾತ್ರೆಯಲ್ಲಿ ಪೂರ್ತಿ ವಾಸಿಯಾಗುತ್ತದೆ. ಬಿ ಪೂರ್ತಿ ಹೋಗುವುದು ಅಪರೂಪ, ಆದರೆ ಅಗತ್ಯವಿದ್ದವರು ದಿನಕ್ಕೊಂದು ಮಾತ್ರೆ ನುಂಗಿದರೆ ಯಕೃತ್ತು ಉಳಿಯುತ್ತದೆ. ಊರಿನ ಬಿಪಿ ಶುಗರ್ ಶಿಬಿರಗಳಲ್ಲಿ, ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ, ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ಈ ಪರೀಕ್ಷೆಯೂ ಸೇರಲಿ ಎಂದು ಕೇಳುವವರು ಬೇಕು.

ನೆಲನೆಲ್ಲಿಯ ಪಾಠ

ಕಾಮಾಲೆಯ ಮಾತೆತ್ತಿದರೆ ನಾಟಿ ಔಷಧದ ಮಾತು ಬರಲೇಬೇಕು. ನನ್ನ ಚಿಕ್ಕಪ್ಪನಿಗೆ ಕಾಮಾಲೆ ಬಂದಾಗ ನಮ್ಮಮ್ಮ ಅಡುಗೆಮನೆಯಿಂದ ಅರಿಶಿನದ ಡಬ್ಬಿಯನ್ನೇ ಎತ್ತಿಟ್ಟಿದ್ದಳು. ಎಣ್ಣೆ ಇಲ್ಲ, ಉಪ್ಪು ಇಲ್ಲ, ಗಂಜಿ ಮಜ್ಜಿಗೆಯ ಪಥ್ಯ. ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು ಅರೆದು ಹಾಲಿನಲ್ಲಿ ಕೊಟ್ಟಳು. ಮೂರು ವಾರಕ್ಕೆ ಚಿಕ್ಕಪ್ಪ ಹುಷಾರಾದ. ಮನೆಯವರೆಲ್ಲ ನೆಲನೆಲ್ಲಿಗೆ ಕೈಮುಗಿದೆವು.

ಆ ಗಿಡವನ್ನು ವಿಜ್ಞಾನ ತಿರಸ್ಕರಿಸಲಿಲ್ಲ ಎಂಬುದು ನಿಮಗೆ ತಿಳಿದಿರಲಿ. ಹೆಪಟೈಟಿಸ್ ಬಿ ವೈರಸ್‌ನ ಗುರುತನ್ನು ಕಂಡುಹಿಡಿದವರು ಅಮೆರಿಕದ ಬರೂಕ್ ಬ್ಲುಂಬರ್ಗ್. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಒಂದು ವಿಚಿತ್ರ ಪ್ರೋಟೀನಿನ ಜಾಡು ಹಿಡಿದು 1965ರಲ್ಲಿ ಅದನ್ನು ಪ್ರಕಟಿಸಿದರು. 1976ರಲ್ಲಿ ನೊಬೆಲ್ ಬಂತು. ಅವರು ಹುಟ್ಟಿದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ. ಈ ಬ್ಲುಂಬರ್ಗ್ ಮದರಾಸಿನ ಎಸ್.ಪಿ. ತ್ಯಾಗರಾಜನ್ ಅವರೊಡನೆ ಕೂಡಿ ನಮ್ಮ ನೆಲನೆಲ್ಲಿಯನ್ನು ಪರೀಕ್ಷಿಸಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು: ಗಿಡದ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್‌ನ ಗುರುತು ಮಾಯವಾಗಿತ್ತು, ಬರೀ ತೋರಿಕೆಯ ಪುಡಿ ತೆಗೆದುಕೊಂಡ 23 ಜನರಲ್ಲಿ ಒಬ್ಬರಲ್ಲಿ ಮಾತ್ರ. ಜಗತ್ತಿನ ಬೇರೆ ಕಡೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ಅಂಥ ಫಲ ಮತ್ತೆ ಸಿಗಲಿಲ್ಲ.

ಇದರಲ್ಲಿ ಅವಮಾನ ಯಾರಿಗೂ ಇಲ್ಲ. ಗಿಡವನ್ನು ಕೇಳಿದರು, ಉತ್ತರಕ್ಕೆ ಕಿವಿಗೊಟ್ಟರು, ಉತ್ತರವನ್ನು ಮತ್ತೆ ಮತ್ತೆ ಒರೆಗೆ ಹಚ್ಚಿದರು. ಚಿಕ್ಕಪ್ಪನಿಗೆ ಬಂದದ್ದು ಬಹುಶಃ ಎ ಅಥವಾ ಇ. ಅದು ಗಿಡ ಕೊಟ್ಟರೂ ವಾಸಿ, ಕೊಡದಿದ್ದರೂ ವಾಸಿ, ಕೀರ್ತಿ ಮಾತ್ರ ಗಿಡಕ್ಕೆ. ಅದೇ ನಂಬಿಕೆಯಿಂದ ಬಿ ಇದ್ದವರು ಬಣ್ಣ ಇಳಿಯಿತೆಂದು ಸುಮ್ಮನಾದರೆ ಹತ್ತು ವರ್ಷದ ಮೇಲೆ ಯಕೃತ್ತು ಲೆಕ್ಕ ಕೇಳುತ್ತದೆ. ಇನ್ನು ಕಾಮಾಲೆಗೆಂದು ಕಬ್ಬಿಣ ಕಾಸಿ ಕೈಗೆ ಬರೆ ಹಾಕುವ ಪದ್ಧತಿ ಇದೆಯಲ್ಲ, ಅದನ್ನು ಮಾತ್ರ ಯಾವ ದಾಕ್ಷಿಣ್ಯವೂ ಇಲ್ಲದೆ ನಿಲ್ಲಿಸಬೇಕು. ಆ ಮಕ್ಕಳ ಕೈಯ ಗಾಯಗಳನ್ನು ನಾನು ತೊಳೆದಿದ್ದೇನೆ.

ನಾಟಿ ವೈದ್ಯರನ್ನು ಬೈದು ಪ್ರಯೋಜನವಿಲ್ಲ. ಅಮಾವಾಸ್ಯೆಗೋ ಭಾನುವಾರಕ್ಕೋ ಅವರ ಮನೆಯ ಮುಂದೆ ಸೇರುವಷ್ಟು ಜನ ನನ್ನ ಆಸ್ಪತ್ರೆಯ ಮುಂದೆ ಸೇರುತ್ತಿರಲಿಲ್ಲ. ಅವರು ರೋಗಿಯ ಮಾತನ್ನು ಕೂತು ಕೇಳುತ್ತಾರೆ, ನಾವು ಕೇಳುವುದಿಲ್ಲ. ಒಬ್ಬ ಹಿರಿಯ ನಾಟಿ ವೈದ್ಯರ ಹತ್ತಿರ ನಾನು ಕೈಮುಗಿದು ಕೇಳಿಕೊಂಡೆ: ‘ಅಜ್ಜಾ, ನೀವು ಔಷಧಿ ಕೊಡಿ, ಬೇಡ ಅನ್ನಲ್ಲ. ಕೊಡೋ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸ್ಕೊಂಡು ಬಾ ಅಂತ ಹೇಳಿ. ಬಸುರಿ ಬಂದರೆ, ಮಂಪರು ಬಂದವರು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಕಳಿಸಿ.’ ಅವರು ಬಹಳ ಹೊತ್ತು ಸುಮ್ಮನಿದ್ದು ‘ಆಗಲಿ’ ಎಂದರು. ಹೇಳಿದಂತೆ ನಡೆದುಕೊಂಡರು. ಅವರ ಮಾತಿನ ಮೇಲೆ ಪರೀಕ್ಷೆಗೆ ಬಂದವರಲ್ಲಿ ನನ್ನ ಮಾತಿಗೆ ಎಂದೂ ಬಾರದಿದ್ದವರಿದ್ದರು.

ಮೊದಲ 24 ಗಂಟೆ

ಈಗ ಹೆರಿಗೆ ವಾರ್ಡಿಗೆ ಬನ್ನಿ. ಬಿ ವೈರಸ್ ದೊಡ್ಡವರಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರ ದೇಹ ಅದನ್ನು ತಾನೇ ಹೊರಹಾಕುತ್ತದೆ. ಹುಟ್ಟುವಾಗಲೇ ತಗುಲಿದ ಕೂಸಿನಲ್ಲಿ ಈ ಲೆಕ್ಕ ತಲೆಕೆಳಗು. ಹತ್ತರಲ್ಲಿ ಒಂಬತ್ತು ಕೂಸುಗಳಲ್ಲಿ ಅದು ಬದುಕಿಡೀ ಉಳಿದುಬಿಡುತ್ತದೆ. ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಒಂದು ಡೋಸ್ ಲಸಿಕೆ ಹಾಕಿ, ಮುಂದಿನ ಡೋಸುಗಳನ್ನು ಪೂರೈಸಿದರೆ ಈ ದಾರಿ ಬಹುಪಾಲು ಮುಚ್ಚುತ್ತದೆ. ತೈವಾನ್ 1984ರಲ್ಲಿ ಕೂಸುಗಳಿಗೆ ಈ ಲಸಿಕೆ ಶುರು ಮಾಡಿತು. ಅಲ್ಲಿನ ಮಕ್ಕಳಲ್ಲಿ ಸುಮಾರು ಶೇ 10 ಇದ್ದ ಸೋಂಕು ಮುಂದೆ ಶೇ 1ಕ್ಕಿಂತ ಕೆಳಗಿಳಿಯಿತು, ಮಕ್ಕಳ ಯಕೃತ್ತಿನ ಕ್ಯಾನ್ಸರ್ ಕೂಡ ಇಳಿಯಿತು. ಕ್ಯಾನ್ಸರನ್ನು ಲಸಿಕೆಯಿಂದ ತಡೆಯಬಹುದೆಂದು ಮೊದಲು ತೋರಿಸಿಕೊಟ್ಟದ್ದು ಇದೇ ಲಸಿಕೆ.

ನಮ್ಮಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀ ಲಸಿಕೆ ತಂದ ಮೇಲೆ ಬೆಲೆ ಬಡವರ ಕೈಗೆಟುಕಿತು. 2007-08ರಲ್ಲಿ ಹತ್ತು ರಾಜ್ಯಗಳಿಗೆ ಕಾರ್ಯಕ್ರಮ ವಿಸ್ತರಿಸಿದಾಗ ಕರ್ನಾಟಕ ಅದರಲ್ಲಿತ್ತು. 2011-12ರಲ್ಲಿ ಇಡೀ ದೇಶಕ್ಕೆ ಬಂತು. ನಮ್ಮ ರಾಜ್ಯದಲ್ಲಿ ಈಗ ಶೇ 95ಕ್ಕಿಂತ ಹೆಚ್ಚು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಹಾಗಿದ್ದೂ ಮೊದಲ ದಿನದ ಡೋಸ್ ತಪ್ಪುವುದುಂಟು. ಕಾರಣ ಬಹಳ ಚಿಕ್ಕದು. ಲಸಿಕೆಯ ಸೀಸೆಯಲ್ಲಿ ಹತ್ತು ಡೋಸ್. ರಾತ್ರಿ ಒಂದೇ ಕೂಸು ಹುಟ್ಟಿದರೆ ಅದೊಂದಕ್ಕೆ ಸೀಸೆ ತೆರೆಯಲು ಸಿಸ್ಟರ್ ಹಿಂಜರಿಯುತ್ತಾಳೆ, ಉಳಿದ ಒಂಬತ್ತು ಹಾಳಾದರೆ ಲೆಕ್ಕ ಯಾರು ಕೊಡುವುದು ಎಂಬ ಭಯ. ಭಾನುವಾರವಾದರೆ ಲಸಿಕೆಯ ಫ್ರಿಜ್ಜಿಗೆ ಬೀಗ. ತೆರೆದ ಸೀಸೆಯನ್ನು ಸರಿಯಾದ ತಂಪಿನಲ್ಲಿಟ್ಟರೆ 28 ದಿನದವರೆಗೆ ಬಳಸಬಹುದೆಂಬ ನಿಯಮವಿದೆ. ಅದು ಸಿಸ್ಟರ್‌ನ ಮನಸ್ಸಿಗೆ ಇಳಿಯುವ ಹಾಗೆ, ಹಾಳಾದ ಡೋಸಿಗಿಂತ ತಪ್ಪಿದ ಡೋಸ್ ದೊಡ್ಡದೆಂದು ಮೇಲಧಿಕಾರಿ ಬಾಯಿಬಿಟ್ಟು ಹೇಳಬೇಕು. ಇಲ್ಲಿ ಬದಲಾಗಬೇಕಾದ ನಡವಳಿಕೆ ಬಾಣಂತಿಯದಲ್ಲ, ಆಡಳಿತದ್ದು.

ಬಾಣಂತಿಯ ಜೊತೆಗಿರುವ ಅಜ್ಜಿಯಂದಿರಿಗೆ ನನ್ನ ವಿನಂತಿ ಒಂದೇ. ಮಗುವಿಗೆ ಹೆಸರಿಡಲು ನಕ್ಷತ್ರ ಕೇಳುತ್ತೀರಿ, ಹುಟ್ಟಿದ ಗಳಿಗೆ ಕೇಳುತ್ತೀರಿ. ಅದೇ ಉಸಿರಿನಲ್ಲಿ ‘ಹೆಪಟೈಟಿಸ್ ಸೂಜಿ ಆಯ್ತಾ ಸಿಸ್ಟರ್?’ ಎಂದೂ ಕೇಳಿ. ಬಸುರಿಯಾದಾಗಲೇ ತಾಯಿಗೆ ಬಿ ಪರೀಕ್ಷೆ ಆಗಿದೆಯೇ, ತಾಯಿ ಕಾರ್ಡಿನಲ್ಲಿ ಬರೆದಿದೆಯೇ ಎಂದು ನೋಡಿ.

ಬೇರೆ ಇಟ್ಟ ತಟ್ಟೆ

ಪರೀಕ್ಷೆಗೆ ಜನ ಹೆದರುವುದು ಸೂಜಿಗಲ್ಲ, ಸೋಂಕು ಇದೆಯೆಂದು ಬಂದರೆ ಮುಂದೇನು ಎಂಬುದಕ್ಕೆ. ಸೊಸೆಗೆ ಬಿ ಇದೆಯೆಂದು ಗೊತ್ತಾದ ಮೇಲೆ ಅವಳ ತಟ್ಟೆ ಲೋಟ ಬೇರೆ ಮಾಡಿದ ಮನೆಗಳನ್ನು ಕಂಡಿದ್ದೇನೆ. ನಿಶ್ಚಿತಾರ್ಥ ಮುರಿದುಬಿದ್ದದ್ದನ್ನು, ಕೆಲಸಕ್ಕೆ ಆಯ್ಕೆಯಾದ ಹುಡುಗ ವೈದ್ಯಕೀಯ ತಪಾಸಣೆಯ ಚೀಟಿ ಹಿಡಿದು ಅಳುತ್ತ ಬಂದದ್ದನ್ನು ಕಂಡಿದ್ದೇನೆ. ಜೊತೆಯಲ್ಲಿ ಉಂಡರೆ ಬಿ ಬರುವುದಿಲ್ಲ. ಒಂದೇ ತಟ್ಟೆ, ಅಪ್ಪುಗೆ, ಕೆಮ್ಮು, ಯಾವುದರಿಂದಲೂ ಬರುವುದಿಲ್ಲ. ಬೇರೆ ಇಡಬೇಕಾದ್ದು ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ. ಏಕೆಂದರೆ ಒಣಗಿದ ರಕ್ತದ ಕಲೆಯಲ್ಲಿ ಬಿ ವೈರಸ್ ಏಳು ದಿನ ಬದುಕಿರಬಲ್ಲದು. ಮನೆಯ ಉಳಿದವರೆಲ್ಲ ಪರೀಕ್ಷೆ ಮಾಡಿಸಿ ಮೂರು ಡೋಸ್ ಲಸಿಕೆ ಹಾಕಿಸಿಕೊಂಡರೆ ಮುಗಿಯಿತು, ಸೊಸೆಯ ತಟ್ಟೆ ಪಂಕ್ತಿಗೆ ವಾಪಸ್ ಬರಲಿ.

1982ರ ಜುಲೈನಲ್ಲಿ ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದ ದೃಶ್ಯ ನಡೆಯುತ್ತಿದ್ದಾಗ ಅಮಿತಾಭ್ ಬಚ್ಚನ್ ಗಾಯಗೊಂಡದ್ದು ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಇಡೀ ದೇಶ ಅವರಿಗಾಗಿ ಪ್ರಾರ್ಥಿಸಿತು. ಆಗ ಪಡೆದ ರಕ್ತದಲ್ಲಿ ಬಿ ವೈರಸ್ ಇತ್ತೆಂದೂ, ಅದು ಗೊತ್ತಾಗುವ ಹೊತ್ತಿಗೆ ಯಕೃತ್ತಿನ ಮುಕ್ಕಾಲು ಭಾಗ ಹೋಗಿತ್ತೆಂದೂ ಅವರೇ ಬಹಿರಂಗವಾಗಿ ಹೇಳಿದ್ದಾರೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಿಭಾಗದ ಹೆಪಟೈಟಿಸ್ ರಾಯಭಾರಿಯೂ ಆದರು. ಈಗ ನಮ್ಮ ರಕ್ತನಿಧಿಗಳಲ್ಲಿ ಬಿ ಮತ್ತು ಸಿ ಪರೀಕ್ಷೆ ಕಡ್ಡಾಯ. ಆದರೆ ಅವರ ಮಾತಿನ ದೊಡ್ಡ ಉಪಯೋಗ ಬೇರೆ. ‘ನನಗಿದೆ’ ಎಂದು ಅಂಥವರು ಹೇಳಿದಾಗ, ಹೇಳಿಕೊಳ್ಳಲಾರದೆ ಕೂತ ಸಾವಿರ ಜನರ ಬೆನ್ನು ನೆಟ್ಟಗಾಗುತ್ತದೆ.

ಮನೆಗೆ ಒಯ್ಯಬೇಕಾದ ಪ್ರಶ್ನೆಗಳು

ಈ ಸಭೆಯಿಂದ ಏಳುವಾಗ ಕೆಲವು ಪ್ರಶ್ನೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋಗಿ. ಕ್ಷೌರದಂಗಡಿಯಲ್ಲಿ ‘ಬ್ಲೇಡ್ ಹೊಸದಾ ಅಣ್ಣ?’ ಎಂದು ಕೇಳಿ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಮಗಳು, ಪೇಟೆಯಲ್ಲಿ ಟ್ಯಾಟೂ ಹಾಕಿಸಿಕೊಳ್ಳುವ ಮಗ, ಇಬ್ಬರೂ ಸೂಜಿಯ ಜೊತೆ ಬಣ್ಣದ ಬಟ್ಟಲೂ ಬೇರೆಯೇ ಎಂದು ಕೇಳಲಿ. ಮೊಮ್ಮಗುವಿಗೆ ಕಿವಿ ಚುಚ್ಚಿಸುವಾಗ ಕೇಳಿ. ಮದುವೆ ಮನೆಯಲ್ಲಿ ಬಿಸಿನೀರು ಕೊಟ್ಟರೆ, ಅದು ಕುದಿಸಿ ಆರಿಸಿದ್ದೋ, ಬಿಸಿನೀರಿಗೆ ತಣ್ಣೀರು ಬೆರೆಸಿದ್ದೋ ಎಂದು ಕೇಳಿ. ಬೆರೆಸಿದ ಮರುಕ್ಷಣ ಕುದಿಸಿದ್ದು ವ್ಯರ್ಥ. ಗ್ರಾಮಸಭೆಯಲ್ಲಿ ಎದ್ದು ನಿಂತು ‘ನಮ್ಮ ನಲ್ಲಿಯ ತುದಿಯಲ್ಲಿ ಕ್ಲೋರಿನ್ ಎಷ್ಟಿದೆ?’ ಎಂದು ಕೇಳಿ. ಸಾಮಾನ್ಯವಾಗಿ ಲೀಟರಿಗೆ 0.2 ಮಿಲಿಗ್ರಾಂ ಇರಬೇಕು, ವೈರಸ್ ಕಾಯಿಲೆಯ ಭಯವಿದ್ದಾಗ 0.5 ಇರಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ. ನಿಮ್ಮ ಊರಿನ ನೀರಗಂಟಿಗೆ ಅದನ್ನು ಅಳೆಯುವ ಕಿಟ್ ಕೊಟ್ಟಿದ್ದಾರೆಯೇ, ಚರಂಡಿಯೊಳಗೆ ಹಾದುಹೋದ ಒಡೆದ ಪೈಪನ್ನು ಯಾವಾಗ ಸರಿ ಮಾಡುತ್ತಾರೆ ಎಂದೂ ಕೇಳಿ.

ಬಿಳಿ ಕೋಟು ತೊಡಲಿರುವ ಮಕ್ಕಳೇ, ನಿಮಗೆ ಬೇರೆ ಮಾತು. ನೀವು ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಕಿಸಿಕೊಂಡಿದ್ದೀರಾ? ಇನ್ನೂ ಇಲ್ಲವಾದರೆ ನಾಳೆಯೇ ಶುರು ಮಾಡಿ. ಆಮೇಲೆ ಯಾರಾದರೂ ನಿಮ್ಮ ಸೂಜಿಯನ್ನು ಪ್ರಶ್ನಿಸಿದರೆ ಅದನ್ನು ಅಪನಂಬಿಕೆ ಎಂದುಕೊಳ್ಳಬೇಡಿ. ಅವರು ನಿಮ್ಮ ಕೆಲಸದ ಅರ್ಧ ಭಾರ ಹೊರಲು ಮುಂದೆ ಬಂದಿದ್ದಾರೆ.

ಹೋದ ವರ್ಷ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ ಸುಮ್ಮನೆ ಹೋಗಿ ಮೂಲೆಯಲ್ಲಿ ಕೂತಿದ್ದೆ. ಮೊಮ್ಮಗುವನ್ನು ಎತ್ತಿಕೊಂಡು ಬಂದ ಅಜ್ಜಿಯೊಬ್ಬಳು ಸಂಕೋಚದಿಂದ ಕೇಳಿದಳು: ‘ಸಿಸ್ಟರವ್ವ, ಹೊಸ್ದೇ ತಾನೆ?’ ಇಪ್ಪತ್ತೈದರ ಆಸುಪಾಸಿನ ಆ ಹುಡುಗಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಸಿರಿಂಜಿನ ಪ್ಯಾಕೆಟ್ಟನ್ನು ಅಜ್ಜಿಯ ಕಣ್ಣ ಮಟ್ಟಕ್ಕೆ ಎತ್ತಿ ಹಿಡಿದಳು. ‘ನೋಡಜ್ಜಿ, ನಿನ್ನೆದುರಿಗೇ ಒಡೀತೀನಿ. ಪ್ರತಿ ಸಲವೂ ಹಿಂಗೇ ಕೇಳು’ ಎಂದಳು. ಅಜ್ಜಿ ಮಗುವಿನ ತೊಡೆಯನ್ನು ಮುಂದೆ ಹಿಡಿದಳು. ಈ ಸಲ ತಲೆ ತಗ್ಗಿರಲಿಲ್ಲ.

ಮೂವತ್ತೈದು ವರ್ಷದ ಹಿಂದೆ ಆ ತಾಯಿಗೆ ನಾನು ಕೊಡಬೇಕಿದ್ದ ಉತ್ತರ ಅದು. ನನ್ನ ಬದಲು ಆ ಹುಡುಗಿ ಕೊಟ್ಟಳು. ದತ್ತಿ ಎಂದರೆ ಹೀಗೆ ಮುಂದಿನವರ ಕೈಯಲ್ಲಿ ಸಲ್ಲುವ ಋಣವೂ ಹೌದೇನೋ. ಇಷ್ಟು ಹೊತ್ತು ನನ್ನ ಮಾತು ಕೇಳಿದ್ದೀರಿ. ಈಗ ನೀವು ಕೇಳಿ, ನಾನು ಕಿವಿಗೊಡುತ್ತೇನೆ.